ಸಂಚಾರಿ ಗೋಡೆಯವರಿಗೆ, ತೋಲೆಬಾಯ್ ಅಗಾ ಅವರ ಕುರ್ಚಿಯ ವಿಚಾರವಾಗಿ

ಅಲ್ಮಾಟಿ ನಗರದ ನಮ್ಮ ನಕ್ಷೆ ಕಚೇರಿಯ ಮೂರನೆಯ ಮಹಡಿಗೆ ದಯಮಾಡಿಸಿರುವ, ನಾಲ್ಕು ಚಕ್ರಗಳ ಮೇಲೆ ವಿರಾಜಮಾನರಾದ ಸಂಚಾರಿ ಗೋಡೆಯವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಬೆಳಿಗ್ಗೆ ಕಿಟಕಿಯ ಬಳಿ ಇದ್ದವರು ಸಂಜೆಗೆ ಶೌಚಾಲಯದ ದಾರಿಗೆ ಅಡ್ಡ ನಿಂತಿರುವುದನ್ನು ಕಂಡರೆ ಮಂಡಿನೋವಿನ ಬಾಧೆಯಂತೂ ಇದ್ದಂತಿಲ್ಲ. ಇಪ್ಪತ್ತಾರು ವರ್ಷಗಳಿಂದ ಇಲ್ಲಿ ನಕ್ಷೆ ಬಿಡಿಸುತ್ತಿರುವ ನಾನು, ಕೆಲಸದ ರೀತಿ ಬದಲಾದಂತೆ ಕಚೇರಿಯೂ ಬದಲಾಗಬೇಕೆಂಬ ತಮ್ಮ ವಿನ್ಯಾಸಗಾರ್ತಿ ಝಾನೆಲ್ ಅವರ ಮಾತನ್ನು ತಲೆಬಾಗಿ ಒಪ್ಪುತ್ತೇನೆ. ಯಾರಿಗೂ ಸ್ವಂತ ಮೇಜಿಲ್ಲ, ದಿನವೂ ಫೋನಿನಲ್ಲಿ ಹೊಸ ಮೇಜು ಕಾಯ್ದಿರಿಸಬೇಕು ಎಂಬ ಏರ್ಪಾಟಿನಿಂದ ನನಗಂತೂ ಮಹದುಪಕಾರವಾಗಿದೆ: ಕೆಲಸ ಹೊತ್ತು ತರುವವರ ಕೈಗೆ ನಾನು ಸಿಗುವುದೇ ಇಲ್ಲ.

ನನ್ನ ತಕರಾರು ಒಂದೇ, ಅದು ನಾವು ತೋರ್ ಎನ್ನುವ ಗೌರವದ ಜಾಗದ ಬಗ್ಗೆ. ಬಾಗಿಲಿಗೆ ಎದುರಾಗಿ, ಅದರಿಂದ ಅತಿ ದೂರದಲ್ಲಿ ಇರುವ ಆ ಜಾಗ ಹಿರಿಯರದು; ಚಹಾದ ಹೊತ್ತಿಗೆ ಅಲ್ಲಿ ಮೂವತ್ತೆಂಟು ವರ್ಷ ಕೂತವರು, ನಾವೆಲ್ಲ ಹಿರಿಯಣ್ಣನೆಂದು ‘ಅಗಾ’ ಎನ್ನುವ ತೋಲೆಬಾಯ್. ಹುಲ್ಲುಗಾವಲಿನ ಯಾವ ಬಾವಿಗೆ ಯಾವ ಹೆಸರು ಎಂಬುದು ಯಾವ ಕಾಗದದಲ್ಲೂ ಇಲ್ಲ, ಅವರ ತಲೆಯಲ್ಲಿದೆ. ಕಳೆದ ಸೋಮವಾರ ತಾವು ಕೃಪೆಯಿಟ್ಟು ಹಳೆಯ ಬಾಗಿಲನ್ನು ಮುಚ್ಚಿ ನಿಂತು, ಲಿಫ್ಟಿನ ಕಡೆಯ ಬಾಗಿಲನ್ನು ತೆರೆಸಿದ್ದರಿಂದ, ಅಗಾ ಅವರ ಕುರ್ಚಿ ಇದ್ದಲ್ಲೇ ಇದ್ದುಕೊಂಡು ಹೊಸ ಬಾಗಿಲ ಪಕ್ಕದ, ಬೂಟು ಕಳಚುವ ಜಾಗಕ್ಕೆ ಬಂದುಬಿಟ್ಟಿತು.

“ಇರ್ಲಿ ಬಿಡ್ರೋ ಮಕ್ಳಾ, ಇಲ್ಲಿ ಗಾಳಿ ಚೆನ್ನಾಗಿದೆ” ಎಂದು ಅವರು ಕೂತೇಬಿಟ್ಟರು. ಅವರಿಗಿಂತ ಒಳಗೆ, ಅಂದರೆ ಅವರಿಗಿಂತ ಮೇಲಿನ ಜಾಗದಲ್ಲಿ, ಕೂರುವಷ್ಟು ಎದೆಗಾರಿಕೆ ಯಾರಿಗಿದೆ? ಹನ್ನೊಂದು ಮಂದಿ ಚಹಾ ಬಟ್ಟಲು, ಕರಿದ ಹಿಟ್ಟಿನುಂಡೆ ಬೌರ್ಸಾಕ್‌ಗಳ ತಟ್ಟೆ ಹಿಡಿದು ಹೊಸಿಲಾಚೆ ಜಾಗ ಹುಡುಕುತ್ತ ಲಿಫ್ಟಿನೊಳಗೂ ತುಂಬಿಕೊಂಡೆವು. ಇಬ್ಬರು ಚಹಾ ಸಮೇತ ಐದನೆಯ ಮಹಡಿಗೆ ಹೋಗಿಬಂದರು. ಝಾನೆಲ್ “ಅಬ್ಬಾ, ಎಷ್ಟ್ ಚೆನ್ನಾಗಿ ಬೆರೀತಿದೀರಾ, ಹಾಗೇ ಇರಿ!” ಎನ್ನುತ್ತ ಫೋಟೊ ಹಿಡಿದು, ಹೊಸ ಕಚೇರಿಯ ಯಶಸ್ಸಿನ ವರದಿಗೆ ಅದನ್ನೇ ಮುಖಪುಟ ಮಾಡಿದರು.

ನನ್ನ ನಗು ಮರುದಿನ ನಿಂತಿತು. ಅಗಾ ನನ್ನ ಕೈಗೆ ರಾಜೀನಾಮೆ ಪತ್ರ ಕೊಟ್ಟು, “ನನ್ನಿಂದ ನೀವೆಲ್ಲ ನಿಂತ್ಕೊಂಡು ಚಹಾ ಕುಡಿಯೋದು ಬೇಡಮ್ಮ ರೌಶನ್, ಶುಕ್ರವಾರ ಸಾಹೇಬ್ರಿಗೆ ಕೊಟ್ಬಿಡು” ಎಂದರು. ನನಗೆ ತಮ್ಮ ಮೇಲೆ ಸಿಟ್ಟು ಬಂತು.

ಮಾನ್ಯರೇ, ಮನೆಯನ್ನೇ ಕಳಚಿ ಒಂಟೆಯ ಮೇಲೆ ಹೇರಿಕೊಂಡು ವರ್ಷಕ್ಕೆ ನಾಲ್ಕು ಸಲ ಜಾಗ ಬದಲಿಸಿದವರ ಮೊಮ್ಮಕ್ಕಳಿಗೆ ತಾವು ಚಲನೆಯ ಪಾಠ ಹೇಳಲು ಬಂದದ್ದು ನಮ್ಮ ಭಾಗ್ಯ. ನಮ್ಮಜ್ಜಿ ಗುಡಾರ ಎಲ್ಲಿ ಹೂಡಿದರೂ ಮೊದಲು ಬಾಗಿಲು, ನಡುವೆ ಒಲೆ, ಅದರಾಚೆ ತೋರ್. ಮನೆ ಊರೆಲ್ಲ ತಿರುಗಿತು, ಅಜ್ಜನ ಜಾಗ ಮಾತ್ರ ಕದಲಲಿಲ್ಲ. ಆದ್ದರಿಂದ ಇನ್ನು ಮುಂದೆ ಹೊರಡುವಾಗ ತಾವು ಬಾಗಿಲು, ಕಿಟಕಿ, ಲಿಫ್ಟು, ಸಾಧ್ಯವಾದರೆ ಆಚೆ ಕಾಣುವ ಬೆಟ್ಟಗಳನ್ನೂ ಜೊತೆಗೆ ಕರೆದೊಯ್ಯಬೇಕಾಗಿ ಸವಿನಯ ಪ್ರಾರ್ಥನೆ.

ಕರೆದಲ್ಲಿಗೆಲ್ಲ ಉರುಳಲು ಬಾರದ,
ತಮ್ಮ ವಿಶ್ವಾಸಿ
ರೌಶನ್

ವಿ.ಸೂ.: ಉತ್ತರಕ್ಕೆ ಕಾಯುವ ತಾಳ್ಮೆಯಿಲ್ಲದೆ, ನಿನ್ನೆ ನಾವು ಹನ್ನೊಂದು ಮಂದಿ ತಮ್ಮನ್ನು ಪಕ್ಕಕ್ಕೆ ತಳ್ಳಿ ಹಳೆಯ ಬಾಗಿಲು ತೆರೆದು, ಲಿಫ್ಟಿನ ಕಡೆಯದನ್ನು ಮುಚ್ಚಿ, ತಮ್ಮ ನಾಲ್ಕೂ ಚಕ್ರ ಬಿಚ್ಚಿದೆವು. ಇಡಲು ನನಗೀಗ ಸ್ವಂತ ಡ್ರಾಯರ್ ಇಲ್ಲದ್ದರಿಂದ, ಆ ರಾಜೀನಾಮೆ ಪತ್ರದಲ್ಲೇ ಅವನ್ನು ಸುತ್ತಿ ಅಗಾ ಅವರ ಕುರ್ಚಿಯ ಕೆಳಗಿಟ್ಟಿದ್ದೇನೆ. ಇಂದು ಶುಕ್ರವಾರ, ಅವರು ಅದೇ ಕುರ್ಚಿಯಲ್ಲಿ ಕೂತು ಮೂರನೆಯ ಬಟ್ಟಲು ಚಹಾ ಕೇಳುತ್ತಿದ್ದಾರೆ. ಚಕ್ರಗಳು ಬೇಕಿದ್ದರೆ ತಾವೇ ನಡೆದು ಬಂದು ಕೇಳಿ ಪಡೆಯಬಹುದು. ತಮಗೆಂದು ಬೂಟುಗಳ ಪಕ್ಕ ಜಾಗ ಬಿಟ್ಟಿದ್ದೇವೆ.