ಡಾಕಿಗೆ ಬಿದ್ದ ಗುದ್ದು

ಬಿಸಿಯೇರಿದ ರೇಡಿಯೋದ ಬೆನ್ನಿನಿಂದ ಬರುತ್ತಿದ್ದ ಸುಟ್ಟ ಧೂಳಿನ ವಾಸನೆ ನಕ್ಷೆಗಾರನಿಗೆ ಚಿಕ್ಕಂದಿನಿಂದ ಗೊತ್ತು. ಆ ವಾಸನೆ ಬಂದಾಗ ಅವನಪ್ಪ ರೇಡಿಯೋದ ನೆತ್ತಿಗೊಂದು ಗುದ್ದು ಹಾಕುತ್ತಿದ್ದರು. ಅದು ಮತ್ತೆ ಹಾಡತೊಡಗುತ್ತಿತ್ತು. ಇವತ್ತು ಕಚೇರಿಯಲ್ಲಿ, ಲ್ಯಾಪ್‌ಟಾಪನ್ನು ದೊಡ್ಡ ಪರದೆಗೆ ಜೋಡಿಸುವ ಡಾಕ್ ಎಂಬ ಪುಟ್ಟ ಪೆಟ್ಟಿಗೆಯಿಂದ ಅದೇ ವಾಸನೆ ಬಂತು. ಪರದೆ ಮಿಣುಕಿತು. ಅವನೂ ಅಪ್ಪನ ಮಗನೇ ತಾನೆ, ಒಂದು ಗುದ್ದು ಹಾಕಿದ. ಪರದೆ ಕಣ್ಣು ಮುಚ್ಚಿತು.

ಮಧ್ಯಾಹ್ನದ ಸಭೆಗೆ ಆಸ್ಪತ್ರೆಯ ನಕ್ಷೆ ಮುಗಿಯಬೇಕಿತ್ತು. ಇದು ಅವನ ಮೊದಲ ಸ್ವಂತ ನಕ್ಷೆ. ಆಸ್ಪತ್ರೆ ಕಟ್ಟಿಸುತ್ತಿರುವ ಡಾಕ್ಟರಮ್ಮ ಒಪ್ಪಿದರೆ ಇಡೀ ಕೆಲಸ ಅವನ ಕೈಗೆ. ಇಲ್ಲವಾದರೆ ವರ್ಷಗಟ್ಟಲೆ ಮಾಡಿದಂತೆ ಬೇರೆಯವರ ನಕ್ಷೆಯಲ್ಲಿ ಬಚ್ಚಲ ಬಾಗಿಲು ಎತ್ತ ತೆರೆಯಬೇಕೆಂದು ಗುರುತು ಹಾಕುತ್ತ ಕೂರಬೇಕು.

ಸುದ್ದಿ ತಿಳಿದದ್ದೇ ತಡ, ಕಚೇರಿ ಹೆರಿಗೆ ಮನೆಯಂತಾಯಿತು. ಎಲ್ಲರೂ ಬಂದರು, ಎಲ್ಲರಿಗೂ ಅನುಭವವಿತ್ತು. ಲೆಕ್ಕದ ವಿಭಾಗದ ಅಕ್ಕ ಡಾಕಿನ ಪ್ಲಗ್ ಕಿತ್ತು, ಪಾಪ ಉಸಿರಾಡಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹಾಕಿದರು. ಪಕ್ಕದ ಮೇಜಿನವನು, ಅವನನ್ನು ಎಲ್ಲರೂ ಎಲ್ಲಬಲ್ಲ ಎಂದೇ ಕರೆಯುವುದು, ಮೇಜಿನಡಿ ತೂರಿ ಗೋಡೆಯ ತೂತಿನಿಂದ ಬಂದಿದ್ದ ವಯರುಗಳಲ್ಲಿ ಯಾವುದನ್ನೋ ಕಿತ್ತ, ಯಾವುದನ್ನೋ ಡಾಕಿಗೆ ಚುಚ್ಚಿದ.

"ನೋಡು, ಎರಡು ಪರದೆಲೂ ಒಂದೇ ಚಿತ್ರ ಬರೋ ಹಾಗೆ ಮಾಡಿದೀನಿ."

"ಎಲ್ಲಿ ಬಂತು ಮಾರಾಯ? ದೊಡ್ಡದು ಕಪ್ಪಗೇ ಇದೆ."

"ಎರಡನೇ ಪರದೆ ಸಿಕ್ಕಿದೆ ಅಂತ ಲ್ಯಾಪ್‌ಟಾಪೇ ಹೇಳ್ತಿದೆ. ಅದ್ಯಾಕೆ ಸುಳ್ಳು ಹೇಳತ್ತೆ? ನಿನ್ನ ಪರದೆ ಸತ್ತಿದೆ, ಅಷ್ಟೇ."

ಹೀಗೆ ತೀರ್ಪು ಕೊಟ್ಟು ಅವನು ಊಟಕ್ಕೆ ಹೋದ. ಉಳಿದವರೂ ಹೋದರು. ನಕ್ಷೆಗಾರ ಊಟ ಬಿಟ್ಟು, ಲ್ಯಾಪ್‌ಟಾಪಿನ ಅಂಗೈಯಗಲದ ಪರದೆಗೆ ಮೂಗು ತಾಗಿಸಿಕೊಂಡು, ಇರುವೆ ಸಾಲಿನಂಥ ಗೆರೆಗಳನ್ನು ಒಂದೊಂದಾಗಿ ಜೋಡಿಸಿ, ಅಂತೂ ನಕ್ಷೆ ಮುಗಿಸಿದ. ಅದೇ ಲ್ಯಾಪ್‌ಟಾಪಿನಿಂದ ಹೆಂಡತಿಗೆ ಸಂದೇಶ ಬರೆದ: "ಈ ಡಾಕೂ ನಮ್ಮ ಸಾಹೇಬರ ತಲೆಯೂ ಒಂದೇ. ಮೇಲೆ ದೀಪ ಉರಿಯತ್ತೆ, ಒಳಗೇನೂ ಇಲ್ಲ."

ಗೋಡೆಯಾಚೆ ಸಭಾಕೋಣೆಯಲ್ಲಿ ಯಾರೋ ಗೊಳ್ಳೆಂದು ನಕ್ಕರು. ಎಷ್ಟು ಸುಖಿಗಳಪ್ಪಾ ಎಂದುಕೊಳ್ಳುತ್ತ, ಪರದೆ ಕೆಟ್ಟಿದೆ, ಲ್ಯಾಪ್‌ಟಾಪನ್ನೇ ತಂದು ತೋರಿಸಲೇ ಎಂದು ಸಾಹೇಬರನ್ನು ಕೇಳಲು ಅವನು ಒಳಗೆ ಹೋದ.

ಸಭಾಕೋಣೆಯ ಗೋಡೆಯಗಲದ ಪರದೆಯಲ್ಲಿ ಅವನ ಆಸ್ಪತ್ರೆ ಮಿಂಚುತ್ತಿತ್ತು. ಅದರ ಮೇಲೆ, ಕುಂಬಳಕಾಯಿ ಗಾತ್ರದ ಅಕ್ಷರಗಳಲ್ಲಿ, ಹೆಂಡತಿಗೆ ಬರೆದದ್ದು. ಎಲ್ಲಬಲ್ಲ ಡಾಕಿಗೆ ಚುಚ್ಚಿದ್ದು ಈ ಪರದೆಯ ವಯರನ್ನು. ಡಾಕ್ಟರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಸಾಹೇಬರು ನಗುತ್ತಿರಲಿಲ್ಲ.

"ನಕ್ಷೆ ಇವರಿಗೆ ಬಹಳ ಹಿಡಿಸಿದೆ. ಮುಂದಿನ ಕೆಲಸ ನಿಮ್ಮ ಪಕ್ಕದ ಮೇಜಿನವರು ನೋಡ್ಕೋತಾರೆ," ಎಂದರು ಸಾಹೇಬರು. "ನೀವು ಕಚೇರಿಯ ಡಾಕುಗಳನ್ನ ನೋಡ್ಕೊಳ್ಳಿ. ಯಾವುದರ ಒಳಗೆ ಏನಿಲ್ಲ ಅನ್ನೋದು ನಿಮಗೇ ಚೆನ್ನಾಗಿ ಗೊತ್ತು."

ಎಲ್ಲಬಲ್ಲ ಊಟ ಮುಗಿಸಿ ಬಂದಾಗ ಡಾಕುಗಳ ಹೊಸ ಅಧಿಕಾರಿಯಾದ ನಕ್ಷೆಗಾರ ಅವನ ಮೇಜಿನಡಿಯೇ ವಯರು ಎಣಿಸುತ್ತಿದ್ದ. ಮುಂದಿನ ಮೇಜಿನಡಿ ತೂರಿದಾಗ ಎರಡು ಬೂಟುಗಳು ಬಂದು ಎದುರು ನಿಂತವು. ಅವು ಸಾಹೇಬರವು. ಅವರು ಬಗ್ಗಿ, ಇನ್ನೂ ತೆರೆಯದ ತಮ್ಮ ಊಟದ ಡಬ್ಬಿಯನ್ನು ಅವನ ಧೂಳು ಮೆತ್ತಿದ ಕೈಗಿಟ್ಟು ಹೊರಟುಹೋದರು.