ಷಡ್ಡಕನ ಕಾರಿಗೆ ಮೇಷ್ಟ್ರ ಬಣ್ಣ

“ಬಣ್ಣದ ವಿಷಯದಲ್ಲಿ ನನಗೆ ಪಾಠ ಹೇಳೋರು ಇನ್ನೂ ಹುಟ್ಟಿಲ್ಲ!”

ಡ್ರಾಯಿಂಗ್ ಮೇಷ್ಟ್ರು ಹೀಗೆಂದು ಗುಡುಗಿದಾಗ ಅವರ ಎದುರಿಗೆ ಇದ್ದದ್ದು ಷಡ್ಡಕನ ಬೂದು ಬಣ್ಣದ ಕಾರು, ಅದರ ಎಡಬಾಗಿಲ ಮೇಲೆ ಮೊಳದುದ್ದದ ಗೀರು, ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಡತಿ. ಗೀರು ಮೇಷ್ಟ್ರದೇ ಕೃತಿ. ಕುಂಚದ ಬದಲು ಗೇಟಿನ ಕಂಬ ಬಳಸಿದ್ದರು, ಅಷ್ಟೇ!

ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಪ್ರವಾಸ ಹೊರಡುವಾಗ ಕಾರನ್ನು ಇವರ ಅಂಗಳದಲ್ಲಿ ಬಿಟ್ಟು, “ಬೇಕಾದ್ರೆ ಓಡಿಸಿ ಮೇಷ್ಟ್ರೇ. ಗೇಟಿನ ಹತ್ರ ಮಾತ್ರ ಹುಷಾರು, ಎಡಗಡೆ ನಿಮಗೆ ಅಂದಾಜು ಸಿಗಲ್ಲ” ಎಂದಿದ್ದರು. ಮೇಷ್ಟ್ರು ಗೀರನ್ನಾದರೂ ಸಹಿಸಿಯಾರು. ಆದರೆ ಭಾನುವಾರ ಸಂಜೆ ಬಂದಿಳಿಯುವ ಷಡ್ಡಕನ ಬಾಯಿಂದ “ನಾನು ಹೇಳಿರಲಿಲ್ವಾ?” ಎಂಬ ಮಾತನ್ನು? ಮದುವೆಯಾದಂದಿನಿಂದ ಅದನ್ನು ಕೇಳಿ ಕೇಳಿ ಅವರ ಕಿವಿ ಗಟ್ಟಿಯಾಗಿತ್ತು, ಮನಸ್ಸು ಆಗಿರಲಿಲ್ಲ.

“ಭಾವಂಗೆ ಫೋನ್ ಮಾಡಿ ನಿಜ ಹೇಳ್ಬಿಡ್ರೀ,” ಎಂದಳು ಹೆಂಡತಿ.

“ನಿಜ ಹೇಳೋಕೆ ಅಂಥದ್ದೇನೂ ಆಗೇ ಇಲ್ವಲ್ಲ! ಒಂದು ಬಾಗಿಲು, ಒಂದು ಬಣ್ಣ, ಒಂದು ಮಧ್ಯಾಹ್ನ!”

ಬಣ್ಣದಂಗಡಿಯವನು, “ಬಾಗಿಲ ಸಂದೀಲಿ ಬಣ್ಣದ ನಂಬರ್ ಅಂಟಿಸಿರ್ತಾರೆ ಸಾರ್, ನೋಡ್ಕೊಂಡು ಬನ್ನಿ” ಎಂದ. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಸಂಜೆಯ ಬಾನಿಗೆ ನಂಬರ್ ಉಂಟೇ? ಪಾರಿವಾಳದ ಕೊರಳಿಗೆ? ಬಿಳಿ, ಕಪ್ಪು, ಬೂದು ಬಣ್ಣಕ್ಕೆ ಜೀವ ತುಂಬಲು ಒಂದಿಷ್ಟು ಹಳದಿ, ಜೊತೆಗೆ ಬಾಡಿಗೆಯ ಸ್ಪ್ರೇ ಗನ್ ಹಿಡಿದು ಮನೆಗೆ ಬಂದರು.

ಧೂಳು ಕೂರಬಾರದೆಂದು ಕಾರಿನ ಮೇಲೆ ದೊಡ್ಡ ನೀಲಿ ಟಾರ್ಪಾಲು ಕಟ್ಟಿದರು. ಎಲ್ಲ ಅನರ್ಥದ ಬೇರು ಈ ನೀಲಿ ಟಾರ್ಪಾಲೇ! ಒಳಗೆ ಬಿಸಿಲು ಸೋಸಿ ಇಳಿದು ಸಮುದ್ರದ ತಳದಂತಿತ್ತು. ಕಾರು ನೀಲಿ, ಡಬ್ಬಿ ನೀಲಿ, ಮೇಷ್ಟ್ರ ಬೋಳುತಲೆಯೂ ನೀಲಿ. ಆ ಬೆಳಕಿನಲ್ಲಿ ಹಳದಿ ಎಷ್ಟು ಸುರಿದರೂ ಹಳದಿಯಾಗಿ ಕಾಣಲೇ ಇಲ್ಲ. ಬೂದು ತುಸು ಗಾಢವಾದಂತಾಯಿತು, ಅಷ್ಟೇ. “ಇನ್ನೊಂಚೂರು,” ಎನ್ನುತ್ತ ಸುರಿದರು. ಬಾಗಿಲನ್ನು ಉಪ್ಪುಕಾಗದದಿಂದ ಉಜ್ಜಿ, ಉಸಿರು ಬಿಗಿಹಿಡಿದು ಬಣ್ಣ ಹೊಡೆದರು. ಹೆಂಡತಿಯನ್ನು ಒಳಗೆ ಕರೆದು, “ಹೊಸದ್ಯಾವುದು, ಹಳೇದ್ಯಾವುದು, ಹೇಳು ನೋಡೋಣ!” ಎಂದರು.

ಅವಳು ಬಗ್ಗಿ ನೋಡಿದಳು. “ಗೊತ್ತೇ ಆಗಲ್ವಲ್ರೀ!”

ಮರುದಿನ, ಭಾನುವಾರ ಬೆಳಿಗ್ಗೆ ಟಾರ್ಪಾಲು ಎಳೆದರು. ಬಣ್ಣ ಬಯಲಾಯಿತು!

ಕಪ್ಪಿಗೆ ಹಳದಿ ಮಿತಿಮೀರಿ ಬೆರೆತು, ಬೂದು ಕಾರಿಗೆ ಪಾಚಿ ಹಸಿರು ಬಾಗಿಲು.

“ಪಕ್ಕದ್ಮನೆ ಬಾಗಿಲು ಕಿತ್ತು ತಂದು ಜೋಡಿಸಿದ ಹಾಗಿದೆ,” ಎಂದಳು ಹೆಂಡತಿ.

“ಅಂಚಿನಾಚೆಗೆ ಸ್ವಲ್ಪ ಹರಡಿದ್ರೆ ಹೊಂದ್ಕೊಂಡು ಹೋಗುತ್ತೆ.”

ಅಂಗಡಿಗೆ ರಜೆ, ಡಬ್ಬಿಯಲ್ಲಿದ್ದದ್ದು ಅದೇ ಹಸಿರು. ಹರಡಿದರು. ಬಾಗಿಲಿಗೆ ಹೊಂದಲೆಂದು ಮಡ್‌ಗಾರ್ಡಿಗೆ, ಮಡ್‌ಗಾರ್ಡ್ ಒಂಟಿಯಾಗದಿರಲೆಂದು ಹಿಂಬಾಗಿಲಿಗೆ, ಹಿಂಬಾಗಿಲಿನ ಮರ್ಯಾದೆಗೆಂದು ಡಿಕ್ಕಿಯ ಅಂಚಿಗೆ. ಡಬ್ಬಿ ಬರಿದಾದಾಗ ಕಾರಿನ ಎಡಪಕ್ಕವೆಲ್ಲ ಹಸಿರು, ಬಲಪಕ್ಕ ಬೂದು!

“ಇನ್ನೇನ್ರೀ ಗತಿ?”

“ಎಡಗಡೇನ ಗೋಡೆಗೆ ಒತ್ತಿ ನಿಲ್ಸೋಣ. ಒಬ್ಬ ಮನುಷ್ಯನಿಗೆ ಒಂದೇ ಸಲ ಕಾರಿನ ಎರಡು ಪಕ್ಕಾನೂ ಕಾಣಲ್ಲ ಕಣೇ!”

ತರ್ಕ ಸರಿಯಾಗಿಯೇ ಇತ್ತು. ಆದರೆ ಸಂಜೆ ಬಂದವರು ಇಬ್ಬರು.

ಷಡ್ಡಕ ಬಲಗಡೆಯಿಂದ ಹತ್ತಿ, ತಮ್ಮ ಹೆಂಡತಿಗೆ, ಅಂದರೆ ಮೇಷ್ಟ್ರ ಅತ್ತಿಗೆಗೆ, ಹತ್ತಲು ಜಾಗವಾಗಲೆಂದು ಕಾರನ್ನು ಗೋಡೆಯಿಂದ ಈಚೆಗೆ ತೆಗೆದು ನಿಲ್ಲಿಸಿ ಇಳಿದರು. ಎಡಗಡೆ ನಿಂತಿದ್ದ ಅತ್ತಿಗೆ ಕೂಗಿದರು: “ರೀ, ಇದು ನಮ್ಮ ಕಾರಲ್ಲ! ಇದು ಹಸಿರು!”

“ಹಸಿರೆಲ್ಲಿಂದ ಬಂತು? ಕನ್ನಡಕ ಹಾಕ್ಕೋ.”

“ಈ ಕಡೆ ಬಂದು ನೋಡ್ರೀ!”

“ನೀನೇ ಈ ಕಡೆ ಬಾ!”

ಇಬ್ಬರೂ ಹಟಕ್ಕೆ ಬಿದ್ದು ಏಕಕಾಲಕ್ಕೆ ಹೊರಟರು, ಒಬ್ಬರು ಮುಂದಿನಿಂದ, ಇನ್ನೊಬ್ಬರು ಹಿಂದಿನಿಂದ.

“ಅಯ್ಯೋ, ಹಸಿರೇ ಕಣೇ!” ಎಂದರು ಷಡ್ಡಕ.

“ಇಲ್ಲಾರೀ, ಬೂದೇ. ನೀವು ಹೇಳಿದ್ದೇ ಸರಿ!” ಎಂದರು ಅತ್ತಿಗೆ.

ಜಗಲಿಯ ಕಂಬದ ಹಿಂದೆ ನಿಂತಿದ್ದ ಮೇಷ್ಟ್ರು ಈಚೆ ಬಂದು ತಪ್ಪೊಪ್ಪಿಕೊಂಡರು. ಷಡ್ಡಕ ಉಸಿರೆಳೆದುಕೊಂಡು “ನಾನು ಹೇಳಿ—” ಎನ್ನುವಷ್ಟರಲ್ಲಿ ಅತ್ತಿಗೆ ತಡೆದರು.

“ಸುಮ್ನಿರಿ! ಆ ಬೂದು ಕಂಡ್ರೆ ನಂಗೆ ಮೊದ್ಲಿಂದ್ಲೂ ಆಗಲ್ಲ. ಹಸಿರು ಎಷ್ಟು ತಂಪಾಗಿದೆ! ಮೇಷ್ಟ್ರೇ, ಕಾರು ಇಲ್ಲೇ ಇರ್ಲಿ. ಬಲಗಡೆಗೂ ಇದೇ ಬಣ್ಣ ಹೊಡೆದುಕೊಡಿ. ಒಂಚೂರೂ ಹೆಚ್ಚುಕಮ್ಮಿ ಆಗಬಾರ್ದು.”

“ಅದಕ್ಕೇನಂತೆ!” ಎಂದು ಮೇಷ್ಟ್ರು ಎದೆಯುಬ್ಬಿಸಿದರು.

ಸೋಮವಾರ ಹಳೆಯ ಅಂಗಡಿಗೆ ಮುಖ ತೋರಿಸಲಾರದೆ ಬೇರೊಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ಅಂಗಡಿಯವನು ಹೊರಗೆ ಬಂದು ಎಡಪಕ್ಕವನ್ನು ಬಿಸಿಲಲ್ಲಿ ನೋಡಿದ, ನೆರಳಲ್ಲಿ ನೋಡಿದ, ಉಗುರಿನಿಂದ ಮುಟ್ಟಿಯೂ ನೋಡಿದ.

“ಇಂಥ ಬಣ್ಣ ಯಾವ ಕಂಪನೀಲೂ ಇಲ್ಲ ಸಾರ್. ಯಾವನೋ ಕೈಗೆ ಸಿಕ್ಕಿದ್ದೆಲ್ಲ ಕಲೆಸಿ ಹೊಡೆದಿದಾನೆ. ಏನೇನು ಎಷ್ಟೆಷ್ಟು ಹಾಕ್ದೆ ಅಂತ ಅವನನ್ನೇ ಹೋಗಿ ಕೇಳಿ.”

“ಕೇಳಿದೆ,” ಎಂದರು ಮೇಷ್ಟ್ರು ನೆಲ ನೋಡುತ್ತ. “ಅವನಿಗೂ ಗೊತ್ತಿಲ್ವಂತೆ.”