ರೇಡಿಯೋ ಹಲಗೆಗೆ ಬೂಚಿನ ಕಾಲು

ಅಮ್ಮ ಇದ್ದ ಕೊನೆಯ ಸಂಜೆ ನಮ್ಮ ಮನೆಯಲ್ಲಿ ಕಾಲಿನ ವಿಷಯಕ್ಕೆ ದೊಡ್ಡ ವಾದ ನಡೆಯಿತು. ಮನುಷ್ಯರ ಕಾಲಲ್ಲ, ರೇಡಿಯೋದ ಕಾಲು. ಅಂಗಡಿಯಿಂದ ರೇಡಿಯೋ ತರುವವರಿಗೆ ಈ ಕಷ್ಟ ತಿಳಿಯುವುದಿಲ್ಲ. ಅದು ಪೆಟ್ಟಿಗೆಯೊಳಗೆ ಮರ್ಯಾದೆಯಿಂದ ಕುಳಿತೇ ಬರುತ್ತದೆ. ನನ್ನಂತೆ ಬಿಡಿಭಾಗ ತಂದು ಹಲಗೆಯ ಮೇಲೆ ತಾವೇ ಜೋಡಿಸುವವರಿಗೆ ಗೊತ್ತು, ಹಲಗೆಯ ಮೇಲ್ಭಾಗ ಎಷ್ಟು ಚೆಂದವೋ ಅಡಿಭಾಗ ಅಷ್ಟು ಅವಲಕ್ಷಣ. ಬರೀ ತಂತಿಯ ತುದಿ, ಬೆಸುಗೆಯ ಗಂಟು. ನಮ್ಮ ಮೇಜಿನ ಮೇಲೆ ಅಮ್ಮ ಮೀನು ಕೊಯ್ಯುತ್ತಿದ್ದುದರಿಂದ ಅದಕ್ಕೆ ತಗಡು ಹೊಡೆಸಿದ್ದೆವು. ಹಲಗೆಯನ್ನು ಅಲ್ಲಿಟ್ಟರೆ ಗಂಟುಗಳೆಲ್ಲ ತಗಡಿಗೆ ತಗಲಿ ರೇಡಿಯೋ ಮೂಕವಾಗುತ್ತಿತ್ತು. ಎತ್ತಿ ಹಿಡಿದರೆ ಗೊರಗೊರ ಎನ್ನುತ್ತಿತ್ತು. ಹಾಗೆ ಹಿಡಿದು ನಿಂತ ನನ್ನನ್ನು ನೋಡಿ ಹೆಂಡತಿ ಲಿಲ್ಲಿ, "ಮಗುವಿಗೆ ತೇಗು ಬರಿಸುವುದಾ?" ಎಂದಿದ್ದಳು.

ಬೋಳಾರದ ಹಂಚಿನ ಕಾರ್ಖಾನೆಯಲ್ಲಿ ನಾನು ಗುಮಾಸ್ತ. ಒಡೆದ ಹಂಚಿನ ಚೂರು ತಂದು ಕಾಲಾಗಿ ಇಟ್ಟೆ, ಹಲಗೆ ಕುಂಟಿತು. ಮೂಲೆಗೊಂದು ಬೆಂಕಿಪೆಟ್ಟಿಗೆ ಇಟ್ಟೆ. ರೇಡಿಯೋ ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಲಿಲ್ಲಿ ಒಲೆ ಹೊತ್ತಿಸಲು ಒಂದು ಕಾಲನ್ನು ಎಳೆದುಕೊಂಡು ಹೋದಳು. ಕೊನೆಗೆ ಇಗರ್ಜಿಯಲ್ಲಿ ಗಂಟೆ ಹೊಡೆಯುವ ಬಸ್ತಿಯಾಂವ್ ಮಾಮ ಖಾಲಿ ವೈನ್ ಬಾಟ್ಲಿಯ ಬೂಚುಗಳನ್ನು ಕೊಟ್ಟರು. ಎರಡನ್ನು ಅಡ್ಡಕ್ಕೆ ಕೊಯ್ದು ನಾಲ್ಕು ಮಾಡಿ, ಹಲಗೆಯ ಮೂಲೆಗಳ ತೂತಿನಿಂದ ಸ್ಕ್ರೂ ಇಳಿಸಿ ಬಿಗಿದೆ. ಹಲಗೆ ಅಲುಗಾಡದೆ ನಿಂತಿತು. ಇದೆಲ್ಲ ಮಕ್ಕಳ ಆಟ ಎನ್ನುತ್ತಿದ್ದ ಅಮ್ಮನಿಗೆ ಆ ಸಂಜೆ ಒಂದಾದರೂ ಪೂರ್ತಿ ಹಾಡು ಕೇಳಿಸಲೇಬೇಕೆಂದು ನನಗೆ ಹಟ. ಕರೆದೆ. ಬಂದವಳು ಬಗ್ಗಿ ನೋಡಿದ್ದು ಕಾಲನ್ನು.

"ಇದು ಎಂತದ್ದು?"

ಹೆಮ್ಮೆಯಿಂದ ಹೇಳಿಬಿಟ್ಟೆ.

"ಪೂಜೆಯ ವೈನಿನ ಬೂಚಾ! ಅದರ ಮೇಲೆ ನಿಂತು ಇದು ಸಿನಿಮಾ ಹಾಡು ಹಾಡುವುದಾ?"

"ವೈನು ಪವಿತ್ರ ಆಗುವುದು ಪೂಜೆಯಲ್ಲಿ ಅಮ್ಮ. ಬೂಚು ಅದಕ್ಕೆ ಮೊದಲೇ ತೆಗೆದದ್ದು."

"ನೀನು ಪಾದ್ರಿ ಆದದ್ದು ಯಾವಾಗ?"

ಲಿಲ್ಲಿ ಅತ್ತೆಯತ್ತ ತಿರುಗಿ ನನ್ನ ಸಹಾಯಕ್ಕೆ ಬಂದಳು. "ಮಾಂಯ್, ಬರೇ ಭಕ್ತಿಗೀತೆ ಹಾಕಿದರೆ ಆಗ್ತದಾ?"

"ಯಾವುದು ಭಕ್ತಿ ಅಂತ ಅದಕ್ಕೆ ಗೊತ್ತುಂಟಾ? ಆದಿತ್ಯವಾರ ಪಾದ್ರಿಗಳ ಹತ್ತಿರ ಕೇಳ್ತೇನೆ. ಅಲ್ಲಿವರೆಗೆ ಬಾಯಿ ಮುಚ್ಚಿ ಕೂತುಕೊಳ್ಳಲಿ."

ನಾನು ಸ್ವಿಚ್ ಮುಟ್ಟುವ ಮೊದಲೇ ಅಮ್ಮ ಅದಕ್ಕೊಂದು ಬಟ್ಟೆ ಹೊದೆಸಿ, ಮೀನು ಕೊಯ್ಯಲು ಜಾಗ ಮಾಡಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ.

ಅಮ್ಮ ಹೋಗಿ ತಿಂಗಳಾದಾಗ ಇಗರ್ಜಿಯಲ್ಲಿ ಮಾಡಿಸಿದ ಪೂಜೆ ಮುಗಿದ ಮೇಲೆ ಆ ಪ್ರಶ್ನೆಯನ್ನು ನಾನೇ ಪಾದ್ರಿಗಳ ಮುಂದಿಟ್ಟೆ. ಅವರು ನಗು ತಡೆದುಕೊಂಡು, "ಬೂಚಿಗೆ ಎಂತ ಪಾಪ ಮಾರಾಯ? ಹಾಡಲಿ" ಎಂದರು. ಮನೆಗೆ ಬಂದು ಬಟ್ಟೆ ತೆಗೆದು ಸ್ವಿಚ್ ತಿರುಗಿಸಿದೆ. ಸಿನಿಮಾ ಹಾಡೇ ಬಂತು. ಅಪ್ಪಣೆ ತಂದ ಮನುಷ್ಯ ನಾನೇ, ಆದರೂ ತಟ್ಟನೆ ದನಿ ತಗ್ಗಿಸಿ ಅಡುಗೆಮನೆಯ ಕಡೆ ನೋಡಿದೆ.

"ಇನ್ನು ಯಾರಿಗೆ ಹೆದರುವುದು ನೀವು?" ಎಂದಳು ಲಿಲ್ಲಿ, ಮೆಲ್ಲಗೆ.

ಹಾಡು ಎಲ್ಲಿಯೂ ತಡೆಯದೆ ಪೂರ್ತಿ ಬಂತು. ಈಗ ದಿನವೂ ಬರುತ್ತದೆ. ಸಾಕು, ನಿಲ್ಲಿಸು ಎನ್ನಲು ಅಮ್ಮ ಇಲ್ಲ.